‘ಹಸ್ತಾಂತರ’ ಅಂದರೆ ಕೀಲಿ ಕೊಟ್ಟದ್ದೋ, ಹೆಸರಿಗೆ ಮಾಡಿಸಿದ್ದೋ?

ಎಲ್ಲರಿಗೂ ನಮಸ್ಕಾರ.

ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಂತ ಕುಡಿಯುವ ನೀರಿನ ಯೋಜನೆಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಲಾಖೆ ಕಟ್ಟಿಸಿದ ಬೋರ್‌ವೆಲ್, ಪಂಪು, ಓವರ್‌ಹೆಡ್ ಟ್ಯಾಂಕು, ಪೈಪ್‌ಲೈನು ಎಲ್ಲ ಕೊನೆಗೆ ಪಂಚಾಯಿತಿಗೆ ಬರುತ್ತವಲ್ಲ, ಆ ಭಾಗಕ್ಕೆ ಬಂದು ಒಂದು ಪದದ ಹತ್ತಿರ ನಿಂತಿದ್ದೇನೆ. ಕಡತಗಳಲ್ಲಿ ಎಲ್ಲ ಕಡೆ ಇರುವುದು ‘ಹಸ್ತಾಂತರ’. ಇದು ಸಾಕಾ, ಬೇರೆ ಪದ ಬೇಕಾ?

ಪದ ತಪ್ಪೇನಲ್ಲ. ಸ್ಥಳಾಂತರ, ಭಾಷಾಂತರದ ಹಾಗೇ ಇದೂ, ಒಂದು ಕೈಯಿಂದ ಇನ್ನೊಂದು ಕೈಗೆ. ಆದರೆ ಕೈ ಬದಲಾದದ್ದು ಏನು ಅಂತ ಇದು ಹೇಳುವುದಿಲ್ಲ. ಪಂಪ್‌ಹೌಸಿನ ಕೀಲಿ ಕೊಟ್ಟರೂ ಹಸ್ತಾಂತರ. ನಾಳೆಯಿಂದ ನೀರು ಬಿಡುವುದು, ಮೋಟರ್ ಸುಟ್ಟರೆ ರಿಪೇರಿ ಮಾಡಿಸುವುದು ನಿಮ್ಮ ಕೆಲಸ ಅಂದರೂ ಹಸ್ತಾಂತರ. ಟ್ಯಾಂಕು ನಿಂತ ಜಾಗ ಪಂಚಾಯಿತಿ ಹೆಸರಿಗೆ ಆದರೂ ಅದೇ ಪದ. ಮೂರೂ ಬೇರೆ ಬೇರೆ ದಿನ ಆಗುವ ಕೆಲಸಗಳು. ಎಷ್ಟೋ ಕಡೆ ಮೂರನೆಯದು ಆಗಿಯೇ ಇರುವುದಿಲ್ಲ.

ಇದರ ಜೊತೆಗೆ ನಮ್ಮ ಕಚೇರಿ ಕನ್ನಡದ ‘ಲಾಗಿದೆ’ ಬೇರೆ. ‘ಸದರಿ ಯೋಜನೆಯನ್ನು ಹಸ್ತಾಂತರಿಸಲಾಗಿದೆ’ ಅಂತ ಒಂದು ಸಾಲು ಬರೆದರೆ ಮುಗಿಯಿತು. ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಅವತ್ತು ಮೋಟರ್ ಓಡುತ್ತಿತ್ತಾ, ಯಾವುದೂ ಅದರಲ್ಲಿ ಇರುವುದಿಲ್ಲ. ನಾನು ಕಂಡ ಒಂದು ಊರಲ್ಲಿ ಇಂಥದ್ದೇ ಪತ್ರ ಬಂದಿತ್ತು, ಆದರೆ ಪಂಪಿನ ಆರ್‌ಆರ್ ನಂಬರು (ಕರೆಂಟ್ ಸಂಪರ್ಕದ ನಂಬರು) ಮಾತ್ರ ಪಂಚಾಯಿತಿ ಹೆಸರಿಗೆ ಬಂದಿರಲಿಲ್ಲ. ಕರೆಂಟ್ ಬಿಲ್ ಬಾಕಿ ಬಿದ್ದು ಲೈನ್ ಕಟ್ ಮಾಡಲು ಬಂದಾಗ ‘ನಮಗೆ ಹಸ್ತಾಂತರವೇ ಆಗಿಲ್ಲ’ ಅಂತ ಪಂಚಾಯಿತಿಯವರು, ‘ಆಗಿದೆ, ಪತ್ರ ನೋಡಿ’ ಅಂತ ಎಂಜಿನಿಯರು. ಇಬ್ಬರು ಹೇಳಿದ್ದೂ ನಿಜ! ಅವರ ಮನಸ್ಸಲ್ಲಿದ್ದ ಹಸ್ತಾಂತರಗಳೇ ಬೇರೆ.

ಬದಲಿ ಪದಗಳನ್ನು ಹುಡುಕಿದೆ. ‘ವರ್ಗಾವಣೆ’ಗೆ ಕಾನೂನಿನ ಬಲ ಇದೆ, 1882ರ ಕಾಯ್ದೆಯನ್ನು ನಾವು ಕರೆಯುವುದೇ ಆಸ್ತಿ ವರ್ಗಾವಣೆ ಕಾಯ್ದೆ ಅಂತ. ಆದರೆ ಓದುವವರ ಕಿವಿಗೆ ಅದು ನೌಕರರ ವರ್ಗಾವಣೆ. ಯೋಜನೆ ವರ್ಗಾವಣೆ ಆಯಿತು ಅಂದರೆ ಯಾವ ತಾಲ್ಲೂಕಿಗೆ ಅಂತ ಕೇಳುತ್ತಾರೆ. ‘ಸ್ವಾಧೀನ’ ಅಂದ ಕೂಡಲೇ ಭೂಸ್ವಾಧೀನ ನೆನಪಾಗಿ ಜನ ಗಾಬರಿ ಬೀಳುತ್ತಾರೆ. ‘ವಶಕ್ಕೆ ಪಡೆಯುವುದು’ ಪೊಲೀಸರ ಪಾಲಾಗಿದೆ. ‘ಪರಭಾರೆ’ ಕ್ರಯಪತ್ರ ಬಿಟ್ಟು ಹೊರಗೆ ಬರುವುದಿಲ್ಲ.

‘ಸುಪರ್ದಿ’ ನನಗೆ ಇಷ್ಟ. ಪಾರಸಿಯಿಂದ ಬಂದು ಕಚೇರಿಯಲ್ಲೂ ಊರಲ್ಲೂ ಒಗ್ಗಿಹೋದ ಪದ. ಆದರೆ ಸುಪರ್ದಿಗೆ ಕೊಟ್ಟದ್ದನ್ನು ವಾಪಸ್ ಕೇಳಬಹುದು ಅಲ್ವಾ? ನೋಡಿಕೊಳ್ಳುವ ಹೊಣೆ ಅದರಲ್ಲಿದೆ, ಒಡೆತನ ಇಲ್ಲ. ಎರಡನೆಯ ಅರ್ಥಕ್ಕೆ ಸರಿಯಾಗಿ ಕೂರುತ್ತದೆ, ಮೂರನೆಯದಕ್ಕೆ ಇಲ್ಲ.

ಆ ಮೂರನೆಯದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡಿರುವುದು. ‘ಮಾಲೀಕತ್ವ’, ‘ಒಡೆತನ’ ಎರಡೂ ಪುಸ್ತಕದಲ್ಲಿ ಚೆನ್ನಾಗಿವೆ. ಊರಲ್ಲಿ ಮಾತ್ರ ಹಾಗೆ ಯಾರೂ ಕೇಳುವುದಿಲ್ಲ. ‘ಈ ಬೋರು ಯಾರಿಗೆ ಸೇರಿದ್ದು?’ ಅನ್ನುತ್ತಾರೆ. ‘ಪಂಚಾಯಿತಿದು’ ಅಂತ ಉತ್ತರ. ಕಾಗದ ಸರಿ ಮಾಡಿಸುವ ಮಾತು ಬಂದರೆ ‘ಪಂಚಾಯಿತಿ ಹೆಸರಿಗೆ ಮಾಡಿಸಿ’. ಹೊಲ, ಮನೆ, ಸೈಟು, ಸ್ಕೂಟರ್ ಎಲ್ಲಕ್ಕೂ ನಾವು ಬಳಸುವ ಮಾತು ಇದೇ. ಕೀಲಿ ಕೈಗೆ ಬಂದರೆ ಸಾಲದು, ಕಾಗದ ಆಗಬೇಕು ಅನ್ನುವುದು ಇದರಲ್ಲೇ ಬಂದುಬಿಡುತ್ತದೆ.

ಕೈಪಿಡಿಗೆ ಈ ವ್ಯತ್ಯಾಸ ಬೇಕೇಬೇಕು. ಟ್ಯಾಂಕಿಗೆ ಜಾಗ ಬಿಟ್ಟುಕೊಟ್ಟವರು ಬಹಳ ಕಡೆ ಊರಿನ ರೈತರೇ. ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟಿರುತ್ತಾರೆ, ಮನಸ್ಸಿನಲ್ಲಿ ಏನೂ ಮೋಸ ಇರುವುದಿಲ್ಲ. ಆದರೆ ಸ್ಥಿರಾಸ್ತಿ ದಾನ ಅಂದರೆ ನೋಂದಣಿ ಆಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು ಅಂತ ಅದೇ 1882ರ ಕಾಯ್ದೆ ಹೇಳುತ್ತದೆ. ನೋಂದಣಿ ಆಗದಿದ್ದರೆ ಪಹಣಿಯಲ್ಲಿ ರೈತನ ಹೆಸರೇ ಮುಂದುವರಿಯುತ್ತದೆ. ಮುಂದೆ ಮಕ್ಕಳು ಭಾಗ ಮಾಡಿಕೊಂಡಾಗ ಟ್ಯಾಂಕು ಇರುವ ತುಂಡು ಒಬ್ಬನ ಪಾಲಿಗೆ ಬರುತ್ತದೆ, ಅವನು ಬೇಲಿ ಹಾಕುತ್ತಾನೆ, ನೀರುಗಂಟಿ ವಾಲ್ವ್ ತಿರುಗಿಸಲು ಅವನ ಅಪ್ಪಣೆ ಕೇಳಬೇಕಾಗುತ್ತದೆ. (ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನ ಹೆಸರು ಪಂಚಾಯಿತಿ ವಾಟರ್‌ಮನ್‌ಗೆ ಬಂದು ಕೂತದ್ದು ನೋಡಿ, ಇಂಥ ಪದ ಯಾವ ಸಮಿತಿ ಕೂತರೂ ಹುಟ್ಟುತ್ತಿರಲಿಲ್ಲ.)

‘ಹಸ್ತಾಂತರ’ದ ಬಗ್ಗೆ ಇನ್ನೊಂದು ತಕರಾರು ಇದೆ. ಕೊಡುವವರು ಮೇಲೆ, ತೆಗೆದುಕೊಳ್ಳುವವರು ಕೆಳಗೆ ಅನ್ನುವ ಧಾಟಿ ಅದಕ್ಕೆ ಅಂಟಿಕೊಂಡಿದೆ. 1992ರ 73ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ, 11ನೆಯದೇ ಕುಡಿಯುವ ನೀರು. ಪಂಚಾಯಿತಿಗೆ ವಹಿಸಬಹುದು ಅಂತ ಸಂವಿಧಾನವೇ ಎತ್ತಿ ಹೇಳಿದ ಕೆಲಸ ಇದು. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನಲ್ಲಂತೂ ಊರೊಳಗಿನ ಕಾಮಗಾರಿ ವೆಚ್ಚದಲ್ಲಿ ಶೇ 10ರಷ್ಟು, ಗುಡ್ಡಗಾಡಿನಲ್ಲಿ ಮತ್ತು ಪರಿಶಿಷ್ಟರು ಹೆಚ್ಚಿರುವ ಊರಲ್ಲಿ ಶೇ 5ರಷ್ಟು, ಜನರೇ ಕೊಡಬೇಕು ಅಂತ ಮಾರ್ಗಸೂಚಿ. ಇದಕ್ಕೆ ಇಲಾಖೆಯವರೂ ‘ವಂತಿಗೆ’ ಅನ್ನುವ ಹಳೆಯ ಪದ ಬಳಸುತ್ತಾರೆ, ಸಂತೋಷ. ವಂತಿಗೆ ಕೊಟ್ಟವರಿಗೆ ಅದೇ ಟ್ಯಾಂಕನ್ನು ‘ಹಸ್ತಾಂತರಿಸಲಾಗಿದೆ’ ಅನ್ನುವುದು ಸ್ವಲ್ಪ ವಿಚಿತ್ರವಾಗಿ ಕೇಳುವುದಿಲ್ವಾ?

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ. ಒಟ್ಟು ಕೆಲಸಕ್ಕೆ ‘ಹಸ್ತಾಂತರ’ ಇರಲಿ, ಕಡತದಲ್ಲಿ ಹುಡುಕುವವರಿಗೆ ಅದೇ ಸಿಗುವುದು. ಒಳಗೆ ಮಾತ್ರ ಮೂರು ಭಾಗ: ಕೀಲಿ, ಕಡತ, ನಕ್ಷೆ ‘ಒಪ್ಪಿಸುವುದು’, ನಡೆಸುವ ಹೊಣೆ ‘ವಹಿಸಿಕೊಳ್ಳುವುದು’, ಜಾಗ ಮತ್ತು ಆರ್‌ಆರ್ ನಂಬರು ‘ಹೆಸರಿಗೆ ಮಾಡಿಸುವುದು’. ಪಂಪು, ಪೈಪಿನಂಥ ಸಾಮಾನಿಗೆ ‘ದಾಸ್ತಾನಿಗೆ ತೆಗೆದುಕೊಳ್ಳುವುದು’ ಅಂತ ಕಚೇರಿಯಲ್ಲಿ ಆಗಲೇ ಇದೆ, ಅದನ್ನು ಮುಟ್ಟಿಲ್ಲ.

ಸಿಕ್ಕಿಕೊಂಡಿರುವುದು ಒಂದು ಕಡೆ. ‘ಹೆಸರಿಗೆ ಮಾಡಿಸುವುದು’ ಮಾತಿನಲ್ಲಿ ಸಲೀಸು, ಆದರೆ ಪಟ್ಟಿಯ ತಲೆಬರಹಕ್ಕೆ ಉದ್ದ. ‘ಖಾತೆ ಬದಲಾವಣೆ’ ಅಂತ ಹಾಕೋಣ ಅಂದರೆ ಪೇಪರ್ ಓದುವವರಿಗೆ ಮಂತ್ರಿಗಳು ನೆನಪಾಗುತ್ತಾರೆ. ಒಂದೇ ಪದದಲ್ಲಿ ಏನಾದರೂ ಇದೆಯಾ? ಉತ್ತರ ಕರ್ನಾಟಕದ ಕಡೆಯವರು, ಕರಾವಳಿಯವರು ನಿಮ್ಮಲ್ಲಿ ಏನನ್ನುತ್ತಾರೆ ತಿಳಿಸಿ. ಸುಮ್ನೆ ನಿಘಂಟಿನಿಂದ ಎತ್ತಿದ್ದು ಬೇಡ, ಪಂಚಾಯಿತಿ ಕಟ್ಟೆಯ ಮೇಲೆ ಕಿವಿಗೆ ಬಿದ್ದದ್ದೇ ಬೇಕು.