ಬೋರ್ಡೋ ದ್ರಾವಣದ ಅಳತೆ ಹೇಳುತ್ತೀರಾ?

ಗುಡ್ಡದಮನೆ:
ಮೂಡಿಗೆರೆಯ ಕೊನೆಯ ಬಸ್ ಇಳಿದ ಮೇಲೆ ನಮ್ಮ ಮನೆಗೆ ಇನ್ನೂ 3 ಕಿಲೋಮೀಟರ್ ಏರು. ಅಪ್ಪ ತೀರಿಕೊಂಡ ಮೇಲೆ 2 ಎಕರೆ ಅಡಿಕೆ ತೋಟ ನನ್ನ ತಲೆಗೆ ಬಂದಿದೆ. ಕಳೆದ ಆಷಾಢದಲ್ಲಿ ಒಂಬತ್ತು ದಿನ ಕರೆಂಟ್ ಇರಲಿಲ್ಲ. ಅದನ್ನಾದರೂ ಸಹಿಸಬಹುದು, ಬೆಳಗಾದರೆ ಮರದ ಬುಡದಲ್ಲಿ ಬಿಳಿ ಬೂಸ್ಟು ಹಿಡಿದು ಉದುರಿರುತ್ತಿದ್ದ ಕಾಯಿಗಳನ್ನು ನೋಡಲಾಗುತ್ತಿರಲಿಲ್ಲ. ಈ ಸಲ ಈ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ನಾನೇ ಕಲಸಬೇಕು. ಅಪ್ಪನದು ಎಲ್ಲವೂ ಕಣ್ಣಳತೆ.

ಕೊಟ್ಟಿಗೆಹಾರದವನು:
100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಐವತ್ತೈವತ್ತು ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ಕರಗಿಸಿ. ಸುಣ್ಣ ತಣಿದ ಮೇಲೆ ಅದಕ್ಕೆ ತುತ್ತದ ನೀರನ್ನು ಸುರಿಯಿರಿ, ತುತ್ತದ ನೀರಿಗೆ ಸುಣ್ಣ ಸುರಿಯಬೇಡಿ. ಉಜ್ಜಿದ ಕತ್ತಿಯನ್ನು ಅದ್ದಿ ನೋಡಿ: ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು. ಕಲಸಿದ ದಿನವೇ ಹೊಡೆದು ಮುಗಿಸಿ.

ಗುಡ್ಡದಮನೆ:
ಅಪ್ಪ ಕತ್ತಿ ಅದ್ದುತ್ತಿದ್ದುದನ್ನು ನೋಡಿದ್ದೇನೆ. ಏಕೆಂದು ಒಮ್ಮೆಯೂ ಕೇಳಲಿಲ್ಲ.

ಸಕಲೇಶಪುರದ ಕಡೆಯವಳು:
ಅಳತೆ ಸರಿ, ಮರ ಹತ್ತುವವರು ಯಾರು? ಕೊನೆಗಾರನಿಗೆ ಈಗಲೇ ಮುಂಗಡ ಕೊಟ್ಟುಬಿಡಿ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40–45 ದಿನಕ್ಕೆ. ಆಗ ಮಳೆ ಬಿಡುವು ಕೊಟ್ಟರೆ ತಾನೇ! ನಮ್ಮಲ್ಲಂತೂ ಬೆಳಗ್ಗೆ ಆನೆ ತೋಟದಲ್ಲಿ ನಿಂತಿದ್ದರೆ ಆ ದಿನದ ಕೆಲಸವೇ ಇಲ್ಲ.

ಗುಡ್ಡದಮನೆ:
ಆನೆ ಇನ್ನೂ ನಮ್ಮ ಏರು ಹತ್ತಿಲ್ಲ ಅಕ್ಕಾ. ಕೊನೆಗಾರನೂ ಹತ್ತಿಲ್ಲ.