ದುಡ್ಡು ಕೊಟ್ಟ ಕಂಪನಿ ನಮ್ಮ ಓಪನ್ ಸೋರ್ಸ್ ಆ್ಯಪ್ ಹೆಸರನ್ನೇ ಟ್ರೇಡ್‌ಮಾರ್ಕ್‌ಗೆ ಹಾಕಿದೆ, ಏನು ಮಾಡಬಹುದು?

ತಿಕೋಟಾ_ದ್ರಾಕ್ಷಿ:

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ. ದ್ರಾಕ್ಷಿ ಬೆಳೆಗಾರರಿಗೆ ಅಂತ ನಾನು ಮತ್ತು ಇಬ್ಬರು ಗೆಳೆಯರು ಒಂದು ಆ್ಯಪ್ ಮಾಡಿದ್ದೇವೆ. ಚಾಟ್ನಿ (ಬಳ್ಳಿ ಕತ್ತರಿಸೋದು) ಮಾಡಿದ ತಾರೀಕು ಹಾಕಿದರೆ ಸಾಕು. ಇವತ್ತು ಎಷ್ಟನೇ ದಿನ, ಯಾವ ಔಷಧ ಹೊಡೆಯುವ ಸರದಿ ಅಂತ ತೋರಿಸುತ್ತದೆ. ಮೋಡ ಮುಸುಕಿ ಮಳೆ ಹಿಡಿದರೆ ಡೌನಿ ರೋಗದ ಎಚ್ಚರಿಕೆ ಕೊಡುತ್ತದೆ. ಕೋಡ್ ಎಲ್ಲರಿಗೂ ಕಾಣುವ ಹಾಗೆ ಗಿಟ್‌ಹಬ್ ತಾಣದಲ್ಲಿದೆ, ಯಾರು ಬೇಕಾದರೂ ಬಳಸಬಹುದು ಅನ್ನುವ ಎಂಐಟಿ ಲೈಸೆನ್ಸ್.

ಜನ ಬಳಸೋಕೆ ಶುರು ಮಾಡಿದ ಮೇಲೆ ಔಷಧ ಮಾರುವ ಕಂಪನಿಯೊಂದು ಸರ್ವರ್ ಖರ್ಚು ಕೊಡ್ತೀವಿ ಅಂತ ಬಂತು. ಕೊಟ್ಟರು ಕೂಡ, ಇಲ್ಲ ಅನ್ನಲ್ಲ. ಬದಲಿಗೆ ಆ್ಯಪ್‌ನ ಕೆಳಗೆ ಅವರ ಲೋಗೋ. ಎಲ್ಲಾ ಮಾತುಕತೆ ಇಮೇಲ್‌ನಲ್ಲೇ ಆಗಿದ್ದು.

ಈಗ ಅವರೇ ಅದೇ ಹೆಸರಲ್ಲಿ ಪ್ಲೇ ಸ್ಟೋರ್‌ಗೆ ಬೇರೆ ಆ್ಯಪ್ ಬಿಟ್ಟಿದ್ದಾರೆ. 'ನಮ್ಮ ಬಗ್ಗೆ' ಪುಟದಲ್ಲಿ ನಮ್ಮ ಮೂವರ ಸುಳಿವೇ ಇಲ್ಲ. ಕೋಡ್ ಮಾತ್ರ ನಮ್ಮದೇ. ಪರೀಕ್ಷೆಗೆ ಅಂತ ನಾವು 'ಕಾಕಾನ ತೋಟ' ಅನ್ನೋ ಸುಳ್ಳು ತೋಟವೊಂದನ್ನು ಒಳಗೆ ಇಟ್ಟಿದ್ದೆವು. ಅವರ ಆ್ಯಪ್‌ನಲ್ಲೂ ಅದು ಹಾಗೇ ಕೂತಿದೆ, ಕಾಗುಣಿತದ ತಪ್ಪಿನ ಸಮೇತ! ಔಷಧದಂಗಡಿಯವರು "ನೀವೂ ಆ ಕಂಪನಿ ಸೇರಿದ್ರೇನ್ರೀ?" ಅಂತ ಕೇಳ್ತಾರೆ. ಇದರ ಮೇಲೆ ಒಂದು ಇಮೇಲ್ ಬೇರೆ: ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದೇವೆ, ನೀವು ನಿಮ್ಮ ಆ್ಯಪ್ ಹೆಸರು ಬದಲಿಸಿ ಅಂತ.

ಓಪನ್ ಸೋರ್ಸ್ ಅಂದ ಮೇಲೆ ಹೆಸರೂ ಹೋಯ್ತಾ?

ಸುಮ್ನೆ_ಓದುಗ:

ಎಂಐಟಿ ಹಾಕಿದ ಮೇಲೆ ಮುಗೀತು ಗುರು. ಯಾರು ಬೇಕಾದ್ರೂ ತಗೊಂಡು ಮಾರಬಹುದು.

ಉದ್ಯಮಬಾಗ್_ಬೆಳಗಾವಿ:

ಅರ್ಧ ಸರಿ. ನಾನು ವಕೀಲ ಅಲ್ಲ, ಇಲ್ಲಿನ ಸಣ್ಣ ಫೌಂಡ್ರಿಗಳ ಟ್ರೇಡ್‌ಮಾರ್ಕ್ ಕಾಗದಪತ್ರ ನೋಡಿಕೊಳ್ಳುವವನು. ಕೋಡನ್ನು ಅವರು ಬಳಸಬಹುದು, ಮಾರಬಹುದು. ಅದರ ಮೇಲೆ ಜಗಳಕ್ಕೆ ಹೋಗಬೇಡಿ, ಸೋಲ್ತೀರಿ. ಆದರೆ ಎಂಐಟಿಯಲ್ಲೂ ಒಂದು ಷರತ್ತಿದೆ: ನಿಮ್ಮ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ನಕಲಿನ ಜೊತೆ ಹೋಗಬೇಕು. ಅದನ್ನು ಕಿತ್ತಿದ್ದರೆ ಅವರು ಷರತ್ತು ಮುರಿದಂತೆ. ಹಾಗಂತ ಮೊದಲ ಪರದೆಯಲ್ಲೇ ನಿಮ್ಮ ಹೆಸರು ಬರಬೇಕು ಅಂತ ಕೇಳಕ್ಕಾಗಲ್ಲ. ಸೆಟ್ಟಿಂಗ್ಸ್ ಒಳಗೆ ಎಲ್ಲೋ ಒಂದು ಲೈಸೆನ್ಸ್ ಪುಟ ಇಟ್ಟರೂ ಸಾಕು. ಇನ್ನು 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ಇದೆ. ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ 'ಇದನ್ನು ಬರೆದದ್ದು ನಾನು' ಅನ್ನುವ ಹಕ್ಕು ಬರೆದವನ ಹತ್ತಿರವೇ ಉಳಿಯುತ್ತದೆ.

ಹೆಸರಿನ ವಿಷಯಕ್ಕೆ ಬನ್ನಿ. ಅಪಾಚೆ 2.0 ಅನ್ನೋ ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್‌ನ 6ನೇ ಕಲಮಿನಲ್ಲಿ ಟ್ರೇಡ್‌ಮಾರ್ಕ್ ಕೊಡ್ತಿಲ್ಲ ಅಂತ ಬರೆದೇ ಇದೆ. ಎಂಐಟಿಯಲ್ಲಿ ಆ ಮಾತೇ ಇಲ್ಲ, ಅಷ್ಟಕ್ಕೇ ಹೆಸರು ಬಿಟ್ಟುಕೊಟ್ಟ ಹಾಗಾಗಲ್ಲ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಮೊದಲು ಬಳಸಿದವನ ಕಡೆಗೇ ವಾಲುತ್ತದೆ. ನೀವು ಮೊದಲಿಂದ ಬಿಡದೆ ಬಳಸಿದ್ದನ್ನು ತೋರಿಸಿದರೆ, ಆಮೇಲೆ ನೋಂದಾಯಿಸಿದವನು ನಿಮ್ಮನ್ನು ತಡೆಯೋಕೆ 34ನೇ ಕಲಂ ಬಿಡಲ್ಲ.

'ಅರ್ಜಿ ಹಾಕಿದ್ದೇವೆ' ಅಂದರೆ ಸಿಕ್ಕಿದೆ ಅಂತಲ್ಲ. ಟ್ರೇಡ್‌ಮಾರ್ಕ್ ನೋಂದಾಯಿಸುವ ಸರ್ಕಾರಿ ತಾಣ ಐಪಿ ಇಂಡಿಯಾದಲ್ಲಿ 9 ಮತ್ತು 42ನೇ ವರ್ಗದಲ್ಲಿ ಹುಡುಕಿ, ಸಾಫ್ಟ್‌ವೇರ್ ಬರೋದು ಅಲ್ಲೇ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ದಿನದಿಂದ 4 ತಿಂಗಳೊಳಗೆ ಟಿಎಂ-ಓ ಫಾರಂನಲ್ಲಿ ತಕರಾರು ಹಾಕಬೇಕು. ತಪ್ಪಿದರೆ ನೋಂದಣಿ ರದ್ದು ಮಾಡಿಸುವ ಉದ್ದದ ದಾರಿ. ಜೊತೆಗೆ ನೀವೂ ಒಂದು ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್‌ನಲ್ಲಿ ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಗೆ 9,000.

ಸಾಕ್ಷಿಗೆ ಬರೀ ಗಿಟ್ ಕಮಿಟ್ (ಕೋಡ್ ಬದಲಿಸಿದ ದಾಖಲೆ) ನಂಬಬೇಡಿ, ಆ ತಾರೀಕನ್ನು ಯಾರು ಬೇಕಾದರೂ ತಿದ್ದಬಹುದು. ಪ್ಲೇ ಸ್ಟೋರ್ ದಾಖಲೆ, ಬೆಳೆಗಾರರ ವಾಟ್ಸಾಪ್ ಗುಂಪಿನ ಮೆಸೇಜು ಇಡಿ. ಎಲ್ಲಕ್ಕಿಂತ ಗಟ್ಟಿ ಅವರ ಮೊದಲ ಇಮೇಲ್. 'ನಿಮ್ಮ ಆ್ಯಪ್‌ಗೆ ಸಹಾಯ ಮಾಡ್ತೀವಿ' ಅಂತ ಹೆಸರು ಹಿಡಿದು ಬರೆದಿದ್ದಾರಾ?

ತಿಕೋಟಾ_ದ್ರಾಕ್ಷಿ:

ಬರೆದಿದ್ದಾರೆ ಸರ್! ವಿಷಯದ ಸಾಲಿನಲ್ಲೇ ಆ್ಯಪ್ ಹೆಸರಿದೆ. ಆದರೆ ನಮ್ಮ ಗೆಳೆಯ ಇದೆಲ್ಲಾ ತಲೆನೋವು, ಹೆಸರು ಬದಲಿಸಿ ಬಿಡೋಣ ಅಂತಾನೆ. ಜೆಂಕಿನ್ಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್‌ನವರು ಹಾಗೇ ಮಾಡಿದ್ರಂತೆ.

ವಿಟಿಯು_ಹಳೇಹುಲಿ:

ಜೆಂಕಿನ್ಸ್ ಕತೆ ನಿಜ. ಮೊದಲು ಅದರ ಹೆಸರು ಹಡ್ಸನ್. 2010ರಲ್ಲಿ ಒರಾಕಲ್ ಕಂಪನಿ, ಹಡ್ಸನ್ ಹುಟ್ಟಿದ ಸನ್ ಕಂಪನಿಯನ್ನು ಕೊಂಡಿತು, ಹಡ್ಸನ್ ಹೆಸರು ನಮ್ಮದು ಅಂತು. 2011ರ ಜನವರಿಯಲ್ಲಿ ಸಮುದಾಯ ವೋಟು ಹಾಕಿ ಹೊಸ ಹೆಸರಿಟ್ಟುಕೊಂಡು ಹೊರಟಿತು. ಬರೆಯುವವರೂ ಬಳಸುವವರೂ ಜೊತೆಗೇ ಹೋದರು. ಆದರೆ ಅಲ್ಲಿ ಬಳಸುವವರೂ ಡೆವಲಪರ್‌ಗಳೇ, ಸುದ್ದಿ ತಾನಾಗೇ ಮುಟ್ಟುತ್ತದೆ. ನಿಮ್ಮ ರೈತ ಗಿಟ್‌ಹಬ್ ನೋಡ್ತಾನಾ? ಹೊಸ ಫೋನ್ ತಗೊಂಡಾಗ ಹಳೇ ಹೆಸರನ್ನೇ ಹುಡುಕ್ತಾನೆ, ಕಂಪನಿಯ ಆ್ಯಪ್ ಸಿಗುತ್ತದೆ. ಅದು ಅವರ ಔಷಧವನ್ನೇ ಹೊಡೆಯೋಕೆ ಹೇಳಿದರೆ ಬೈಗುಳ ನಿಮಗೆ. ನಾನಾಗಿದ್ದರೆ ಹೆಸರು ಬಿಡ್ತಿರಲಿಲ್ಲ.

ಇನ್ನೊಂದು ಮಾತು. ಹೆಸರು ಉಳಿದರೆ ಅದು ಯಾರ ಕೈಯಲ್ಲಿ ಇರಬೇಕು ಅಂತ ಮೂವರೂ ಈಗಲೇ ಬರೆದಿಟ್ಟುಕೊಳ್ಳಿ. ವೆಬ್‌ಸೈಟ್ ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಟ್ರೇಡ್‌ಮಾರ್ಕ್ 2010ರಲ್ಲೇ ಆಟೊಮ್ಯಾಟಿಕ್ ಕಂಪನಿಯಿಂದ ಲಾಭಕ್ಕಲ್ಲದ ಫೌಂಡೇಶನ್‌ಗೆ ಹೋಯಿತು. ಆದರೆ ವ್ಯಾಪಾರಕ್ಕೆ ಬಳಸುವ ಹಕ್ಕು ಆ ಕಂಪನಿಗೇ ವಾಪಸ್ ಬಂತು. 2024ರಲ್ಲಿ ಅವರು ವರ್ಡ್‌ಪ್ರೆಸ್ ತಾಣಗಳಿಗೆ ಸರ್ವರ್ ಒದಗಿಸುವ ಡಬ್ಲ್ಯುಪಿ ಎಂಜಿನ್ ಕಂಪನಿಯ ಹತ್ತಿರ ಆದಾಯದ ಶೇ 8 ಕೇಳಿದರು, ಜಗಳ ಕೋರ್ಟಿಗೆ ಹೋಯಿತು. ಫೌಂಡೇಶನ್ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಏನೂ ಬಗೆಹರಿಯಲ್ಲ.

ಉದ್ಯಮಬಾಗ್_ಬೆಳಗಾವಿ:

ಒಪ್ಪಿದೆ. ತಮ್ಮಾ, ಒಂದು ಕೇಳೋದು ಬಿಟ್ಟೆ. ಸರ್ವರ್ ಖರ್ಚು ಅವರು ಕೊಡೋದು ಅಂದೆಯಲ್ಲ, ಖಾತೆ ಯಾರ ಹೆಸರಲ್ಲಿದೆ? ಡೊಮೇನ್?

ತಿಕೋಟಾ_ದ್ರಾಕ್ಷಿ:

ಡೊಮೇನ್ ನನ್ನದು. ಸರ್ವರ್ ಅವರ ಖಾತೆಯಲ್ಲಿ.

ಉದ್ಯಮಬಾಗ್_ಬೆಳಗಾವಿ:

ಹಾಗಾದರೆ ನೋಟಿಸ್ ಗೀಟಿಸ್ ಎಲ್ಲಾ ಆಮೇಲೆ. ಇವತ್ತೇ ರಾತ್ರಿ ರೈತರ ದಾಖಲೆಗಳ ಬ್ಯಾಕಪ್ ತಗೋ. ಬೇರೆ ಸರ್ವರ್‌ಗೆ ಹಾಕಿ, ಅಲ್ಲಿ ನಡೀತಿದೆ ಅಂತ ಖಾತ್ರಿಯಾದ ಮೇಲೇ ಅವರಿಗೆ ಉತ್ತರ ಬರಿ.