ಎಣ್ಣೆ ಪ್ಯಾಕೆಟ್ಟಿನ ಐಎನ್‌ಎಸ್ 319 ಅಪಾಯಕಾರಿಯೇ?

ಪ್ರಶ್ನೆ: ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ‘ಆಂಟಿಆಕ್ಸಿಡೆಂಟ್ ಐಎನ್‌ಎಸ್ 319’ ಎಂದೂ, ಮುಖಕ್ಕೆ ಹಚ್ಚುವ ಕ್ರೀಮಿನ ಮೇಲೆ ಬಿಎಚ್‌ಟಿ ಎಂದೂ ಬರೆದಿದೆ. ಇವು ಕ್ಯಾನ್ಸರ್ ತರುತ್ತವೆ ಎಂಬ ವಾಟ್ಸಾಪ್ ಸಂದೇಶಗಳಲ್ಲಿ ಹುರುಳಿದೆಯೇ?

ಉತ್ತರ 1: ಐಎನ್‌ಎಸ್ ಎಂಬುದು ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯಾಕ್ರಮ. ಅದರಲ್ಲಿ 319 ಎಂದರೆ ಟಿಬಿಎಚ್‌ಕ್ಯೂ, 320 ಬಿಎಚ್‌ಎ, 321 ಬಿಎಚ್‌ಟಿ; ಮೂರೂ ಕೊಬ್ಬು ಕೆಡದಂತೆ ತಡೆಯುವ ಕೃತಕ ಆಂಟಿಆಕ್ಸಿಡೆಂಟ್‌ಗಳು. ಇವುಗಳ ಕೆಲಸ ಸೂಕ್ಷ್ಮಾಣುಗಳನ್ನು ಕೊಲ್ಲುವುದಲ್ಲ. ಕೊಬ್ಬು ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟತೊಡಗಿದಾಗ ಹುಟ್ಟುವ ಚುರುಕು ಕಣಗಳಾದ ರ‍್ಯಾಡಿಕಲ್‌ಗಳಿಗೆ ಹೈಡ್ರೋಜನ್ ಪರಮಾಣುವನ್ನು ಬಿಟ್ಟುಕೊಟ್ಟು, ಆ ಸರಪಳಿ ಕ್ರಿಯೆಯನ್ನು ಅಲ್ಲಿಗೇ ತುಂಡರಿಸುತ್ತವೆ. ಖಾದ್ಯ ತೈಲದಲ್ಲಿ ಟಿಬಿಎಚ್‌ಕ್ಯೂ ಕಿಲೋಗ್ರಾಂಗೆ 200 ಮಿಲಿಗ್ರಾಂ ಮೀರುವಂತಿಲ್ಲ.

ಉತ್ತರ 2: ಆತಂಕದ ಮೂಲವಿರುವುದು ಬಿಎಚ್‌ಎಯಲ್ಲಿ. 1980ರ ದಶಕದಲ್ಲಿ ಜಪಾನಿನ ಸಂಶೋಧಕರು ಆಹಾರದಲ್ಲಿ ಶೇ 2ರಷ್ಟು, ಅಂದರೆ ಎಣ್ಣೆಗಿರುವ ಮಿತಿಯ ನೂರುಪಟ್ಟು, ಬೆರೆಸಿ ತಿನ್ನಿಸಿದಾಗ ಇಲಿಗಳ ಮುಂಜಠರದಲ್ಲಿ (ಜಠರದ ಮುಂಭಾಗದ ಚೀಲದಲ್ಲಿ) ಗಡ್ಡೆಗಳು ಕಾಣಿಸಿಕೊಂಡವು. ಮನುಷ್ಯನಿಗೆ ಆ ಅಂಗವೇ ಇಲ್ಲ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಎಚ್‌ಎಯನ್ನು 2ಬಿ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್‌ಕಾರಕವಾಗಿರಬಹುದಾದ ವಸ್ತುಗಳ ಸಾಲಿನಲ್ಲಿ ಇರಿಸಿತು. ಬಿಎಚ್‌ಟಿ ಆ ಗುಂಪಿನಲ್ಲಿಲ್ಲ.

ಉತ್ತರ 3: ಕ್ರೀಮಿನ ವಿಷಯಕ್ಕೆ ಬಂದರೆ, ಯುರೋಪಿಯನ್ ಒಕ್ಕೂಟವು ಬಿಎಚ್‌ಟಿಗೆ ಶೇ 0.8ರ ಮಿತಿ ಹಾಕಿದೆ; ನುಂಗಿಬಿಡುವ ಸಂಭವವಿರುವುದರಿಂದ ಟೂತ್‌ಪೇಸ್ಟಿಗೆ ಶೇ 0.1, ಬಾಯಿ ಮುಕ್ಕಳಿಸುವ ದ್ರವಕ್ಕೆ ಶೇ 0.001 ಮಾತ್ರ. ನನ್ನನ್ನು ಕೇಳಿದರೆ, 319ಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಬೋಂಡಾ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಅಭ್ಯಾಸದ ಬಗ್ಗೆ. ಆ ಕಾವಿಗೆ, ಎಣ್ಣೆ ಕೆಡದಂತೆ ತಡೆಯಬೇಕಾದ ಟಿಬಿಎಚ್‌ಕ್ಯೂ ಕೂಡ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ.